ಬಾದಾಮಿಯ ಕಪ್ಪು ಮರಿಗಳು

ಕಂತು ೯

"ಮಾವ, ಮೂಗು ನೋಡಿದ್ದು ಸಾಕು. ಕನ್ನಡಕ ಏರಿಸಿ, ಕಾಲು ನೋಡಿ," ಎಂದಳು ಡಾಕ್ಟರಮ್ಮ.

ಸ್ಟೀಲ್ ಮೇಜಿನ ಮೇಲೆ ಎರಡು ನಾಯಿಮರಿಗಳು ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಉರುಳಾಡುತ್ತಿದ್ದವು. ಒಂದು ಕಂದು, ಒಂದು ಕಪ್ಪು. ಕಂದು ಮರಿಗೆ ಮೂಗೂ ಕಂದು, ತುಟಿಯೂ ಕಂದು, ಅಂಗಾಲೂ ಕಂದು. ಕಪ್ಪು ಮರಿಯದು ಎಲ್ಲವೂ ಕಪ್ಪು.

ಚಾಳೀಸು ಸಾಹೇಬರು ಎದೆಯ ಮೇಲೆ ದಾರದಲ್ಲಿ ತೂಗುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿದರು. ಠಾಣೆಯಲ್ಲಿ ಅವರು ಹಾಗೆ ಕನ್ನಡಕ ಏರಿಸಿದರೆಂದರೆ ಎದುರಿಗೆ ಕೂತವನಿಗೆ ಬೆವರು ಬರುತ್ತಿತ್ತಂತೆ. 'ಚಾಳೀಸು' ಎಂಬ ಅಡ್ಡಹೆಸರು ಬಿದ್ದದ್ದು ಆಗ. ನಿವೃತ್ತರಾಗಿ ಖಾಸಗಿ ಪತ್ತೇದಾರಿಕೆಗೆ ಇಳಿದ ಮೇಲೂ ಅದು ಬಿಡಲಿಲ್ಲ.

ತಳಿನಾಯಿ ಸಾಕಿ ಮಾರುವ ಯಜಮಾನಿಯೊಬ್ಬರ ಕೆನಲ್‌ನಲ್ಲಿ ಬಾದಾಮಿ ಎಂಬ ಕಂದು ನಾಯಿ ಹಾಕಿದ ಏಳು ಮರಿಗಳಲ್ಲಿ ನಾಲ್ಕನ್ನು ಕದ್ದು ಮಾರಿ, ಲೆಕ್ಕಕ್ಕೆ ನಾಲ್ಕು ಕಪ್ಪು ಬೀದಿಮರಿಗಳನ್ನು ತಂದು ಉಗ್ರಾಣದಲ್ಲಿ ಬಚ್ಚಿಟ್ಟವಳು ಕೆಲಸದ ಮರಿಯಕ್ಕ ಎಂದು ಸಾಹೇಬರು ವರದಿ ಬರೆದುಕೊಟ್ಟು ಇವತ್ತಿಗೆ ಎರಡು ದಿನ. ಸಂಜೆ ನಾಲ್ಕಕ್ಕೆ ಪೊಲೀಸರು ಬಂದು ಅವಳನ್ನು ಕರೆದೊಯ್ಯುವವರಿದ್ದರು. ಮರಿಗಳ ವಯಸ್ಸಿಗೊಂದು ಸರ್ಟಿಫಿಕೇಟ್ ಬೇಕು ಎಂದು ಠಾಣೆಯವರು ಕೇಳಿದ್ದಕ್ಕಾಗಿ ಸಾಹೇಬರು ಈ ಎರಡನ್ನು ತಂದಿದ್ದರು, ಅಷ್ಟೆ. ಒಂದು ಸಹಿ, ಒಂದು ಸೀಲು, ಮುಗಿಯಿತು ಎಂದುಕೊಂಡಿದ್ದರು.

"ಈ ಕಪ್ಪು ಮರಿದು ಹಿಂಗಾಲಿನ ಒಳಗಡೆ ನೋಡಿ. ಎಷ್ಟು ಉಗುರು?"

"ನಾಲ್ಕು." ಸಾಹೇಬರು ಬಗ್ಗಿದರು. "ಅಲ್ಲ, ಐದು. ಮೇಲುಗಡೆ ಒಂದು ಚಿಕ್ಕದು ಜೋತಾಡ್ತಿದೆ."

"ಮುಂಗಾಲಲ್ಲಿ ಆ ಉಗುರು ನಾಯಿ ಅಂದ ನಾಯಿಗೆಲ್ಲ ಇರುತ್ತೆ. ಹಿಂಗಾಲಲ್ಲಿ ಅಪರೂಪ. ಈಗ ಇದನ್ನ ನೋಡಿ." ಅವಳು ಕಂದು ಮರಿಯನ್ನು ಅಂಗಾತ ಮಲಗಿಸಿ ಹಿಂಗಾಲು ಹಿಡಿದಳು. ಅಲ್ಲಿಯೂ ಅದೇ ಜೋತಾಡುವ ಉಗುರು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಇನ್ನಷ್ಟು ಬಗ್ಗಿದರು.

"ಬೆಳಿಗ್ಗೆ ಕೆನಲ್‌ಗೆ ಹೋಗಿ ಏಳನ್ನೂ ನೋಡ್ಕೊಂಡು ಬಂದೆ. ಕಂದು ಮೂರಕ್ಕೂ ಇದೆ. ಕಪ್ಪು ನಾಲ್ಕರಲ್ಲಿ ಮೂರಕ್ಕಿದೆ. ಬಾದಾಮಿಗೆ ಇಲ್ಲ. ಅಪ್ಪ ಅಂತ ತಳಿ ಪೇಪರ್‌ನಲ್ಲಿ ಬರೆದಿದಾರಲ್ಲ, ಆ ಕಂದು ಚಾಂಪಿಯನ್‌ಗೂ ಇಲ್ಲ. ಎರಡನ್ನೂ ಐದು ವರ್ಷದಿಂದ ನೋಡ್ತಿರೋಳು ನಾನು."

"ಅಂದ್ರೆ?"

"ಅಂದ್ರೆ ಏಳೂ ಒಂದೇ ಸೂಲಿನ ಮರಿಗಳು, ಮಾವ. ಯಾರೂ ಏನೂ ಕದ್ದಿಲ್ಲ."

"ಎರಡು ಕಂದು ನಾಯಿಗೆ ಕಪ್ಪು ಮರಿ ಹುಟ್ಟಲ್ಲ ಅಂತ ಹೇಳಿಕೊಟ್ಟಿದ್ದು ನೀನೇ ಅಲ್ವೇನೇ?" ಸಾಹೇಬರ ದನಿ ಏರಿತು. "ಆ ಮಾತಿನ ಮೇಲೇ ನಾನು ವರದಿ ಬರೆದಿದ್ದು!"

ಡಾಕ್ಟರಮ್ಮ ಸಾಹೇಬರ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಇದೇ ಮಾವನ ಹೆಗಲ ಮೇಲೆ ಕೂತು ಅವರ ಟೋಪಿ ಹಾಕಿಕೊಂಡು ಬೀದಿ ಸುತ್ತಿದವಳು. ಹಾಗಾಗಿ ಅವಳಿಗೆ ಆ ಕನ್ನಡಕದ ಭಯ ಇರಲಿಲ್ಲ.

"ಹೇಳಿಕೊಟ್ಟೆ. ನೀವು ಅರ್ಧ ಕೇಳಿಸ್ಕೊಂಡು ಎದ್ದು ಹೋದ್ರಿ. ಪ್ರತಿ ಮರಿಗೂ ಬಣ್ಣದ್ದು ಎರಡು ಚೀಟಿ ಸಿಗುತ್ತೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದು ಕಪ್ಪು ಚೀಟಿ ಬಂದ್ರೂ ಸಾಕು, ಮರಿ ಕಪ್ಪು. ಎರಡೂ ಕಂದಾದ್ರೆ ಮಾತ್ರ ಕಂದು. ಬಾದಾಮಿ ಹತ್ರ ಕೊಡೋಕೆ ಇರೋದೇ ಕಂದು ಚೀಟಿ. ಅಪ್ಪನೂ ಕಂದಾಗಿದ್ರೆ ಕಪ್ಪು ಎಲ್ಲಿಂದ ಬರುತ್ತೆ? ಬರಲ್ಲ. ಅಲ್ಲೀವರೆಗೂ ಸರಿ. ಕಪ್ಪು ಮರಿ ಕಂಡ ಕೂಡ್ಲೇ ನೀವು ಮರಿ ಬದಲಾಗಿದೆ ಅಂದ್ರಿ. ಅಪ್ಪ ಬದಲಾಗಿದಾನಾ ಅಂತ ಯಾಕೆ ಕೇಳ್ಲಿಲ್ಲ?"

ಅಯ್ಯೋ ದೇವರೇ! ಅಷ್ಟು ನೇರವಾದ ಪ್ರಶ್ನೆ. ಠಾಣೆಗೆ ಹೊಸದಾಗಿ ಸೇರಿದ ಪೇದೆಯೂ ಕೇಳಬಹುದಾದದ್ದು. ಸಾಹೇಬರು ಕೇಳಿರಲಿಲ್ಲ. ಯಾಕೆಂದರೆ ಚಾಂಪಿಯನ್ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಕಾಗದವನ್ನು ಮುಂದಿಟ್ಟವರು ಯಜಮಾನಿ, ಒಳ್ಳೆಯ ಬಟ್ಟೆ ಹಾಕಿ ನಯವಾಗಿ ಮಾತಾಡುವ ಹೆಂಗಸು. ಎದುರಿಗೆ ನಿಂತವಳು ಬ್ಲೀಚಿಂಗ್ ಪೌಡರ್ ವಾಸನೆಯ ಮರಿಯಕ್ಕ. ಯಾರನ್ನು ನಂಬಬೇಕು ಎಂದು ಅವರು ಯೋಚಿಸಲೇ ಇಲ್ಲ.

"ಹಾಗಾದ್ರೆ ಅಪ್ಪ ಯಾವುದೋ ಕಪ್ಪು ನಾಯಿ," ಎಂದರು ಮೆಲ್ಲಗೆ.

"ಕಪ್ಪು ನಾಯಿ. ಆದ್ರೆ ಒಳಗೊಳಗೆ ಒಂದು ಕಂದು ಚೀಟಿ ಇಟ್ಕೊಂಡಿರೋ ಕಪ್ಪು ನಾಯಿ. ಇಲ್ದೇ ಇದ್ರೆ ಈ ಮೂರು ಕಂದು ಮರಿ ಹುಟ್ತಿರ್ಲಿಲ್ಲ. ಅದರ ಅಪ್ಪ ಅಮ್ಮಂದಿರಲ್ಲಿ ಒಬ್ರು ಕಂದಿದ್ದಿರಬಹುದು. ಜೊತೆಗೆ ಹಿಂಗಾಲಲ್ಲಿ ಐದನೇ ಉಗುರು." ಅವಳು ಮರಿಗಳನ್ನು ಬುಟ್ಟಿಗೆ ಹಾಕಿ ಕೈ ತೊಳೆಯಲು ತಿರುಗಿದಳು. ನಲ್ಲಿ ತಿರುಗಿಸುತ್ತಲೇ ಕೇಳಿದಳು: "ನಿಮ್ಮ ನಾಯಿ ಇದ್ದಿಲು ಹೇಗಿದಾನೆ? ಆಪರೇಷನ್ ಮಾಡ್ಸಿ, ಊರೂರು ಮರಿ ಹುಟ್ಟಿಸ್ತಾನೆ ಅಂತ ಮೂರು ಸಲ ಹೇಳಿದ್ದೆ. ಪ್ರತಿ ಸಲವೂ ನಕ್ಕು ಹೋದ್ರಿ."

ಅವಳು ಬೆನ್ನು ತಿರುಗಿಸಿಕೊಂಡೇ ಇದ್ದಳು. ಬೇಕೆಂದೇ ಹಾಗೆ ನಿಂತಿದ್ದಾಳೆಂದು ಸಾಹೇಬರಿಗೆ ಗೊತ್ತಾಯಿತು. ಮಾವನ ಮುಖ ನೋಡದೆ ಉಳಿಸಿದ ಮರ್ಯಾದೆ ಅದು.

---

ಇದ್ದಿಲು ಜಗಲಿಯ ಬಿಸಿಲಿನಲ್ಲಿ ನಾಲ್ಕು ಕಾಲನ್ನೂ ಚೆಲ್ಲಿ ಮಲಗಿದ್ದ. ಯಜಮಾನ ಬಂದದ್ದಕ್ಕೆ ಬಾಲ ಎರಡು ಸಲ ನೆಲಕ್ಕೆ ಬಡಿದು, ಎದ್ದೇಳುವಷ್ಟು ದೊಡ್ಡ ವಿಷಯವೇನಲ್ಲ ಎಂದು ಮತ್ತೆ ಕಣ್ಣು ಮುಚ್ಚಿದ.

ಸಾಹೇಬರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಹಿಂಗಾಲು ಎತ್ತಿ ನೋಡಬೇಕಾಗಿಯೂ ಇರಲಿಲ್ಲ. ಆರು ವರ್ಷದಿಂದ ಪ್ರತಿ ತಿಂಗಳು ಆ ಉಗುರನ್ನು ಕತ್ತರಿಸುತ್ತಿದ್ದವರು ಅವರೇ. ನೆಲಕ್ಕೆ ತಾಗದ ಉಗುರು, ಸವೆಯುವುದಿಲ್ಲ, ಬಿಟ್ಟರೆ ಸುತ್ತಿಕೊಂಡು ಮಾಂಸಕ್ಕೆ ಚುಚ್ಚುತ್ತದೆ. ಬಂದವರಿಗೆಲ್ಲ ತೋರಿಸಿ, "ನಮ್ಮವನಿಗೆ ಎರಡು ಬೆರಳು ಜಾಸ್ತಿ ಕಣ್ರೀ" ಎಂದು ಜಂಬ ಕೊಚ್ಚಿದ್ದೂ ಅವರೇ. ಒಂದು ಗಂಟೆಯ ಹಿಂದೆ ಅದೇ ಉಗುರನ್ನು ಮರಿಯ ಕಾಲಲ್ಲಿ ಕಂಡಾಗ ಮಾತ್ರ ಎಂದೂ ನೋಡಿರದವರಂತೆ ನಿಂತಿದ್ದರು.

ಇದ್ದಿಲಿನ ತಾಯಿ ಅಚ್ಚ ಕಂದು. ಅದೂ ಅವರಿಗೆ ಗೊತ್ತಿತ್ತು.

"ಏನ್ರೀ ಅದು, ನಾಯಿ ಕಾಲು ಹಿಡ್ಕೊಂಡು ಕೂತಿದೀರಿ?" ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ನಿನ್ನ ಕಣ್ಣಿನ ಆಪರೇಷನ್ ಯಾವತ್ತಾಗಿದ್ದು?"

"ಈ ಹದಿನೈದಕ್ಕೆ ನಾಲ್ಕು ತಿಂಗಳು. ಯಾಕೆ?"

ನಾಯಿ ಗಬ್ಬವಾದರೆ ಒಂಬತ್ತು ವಾರ. ಮರಿಗಳಿಗೆ ಈಗ ಎಂಟು ವಾರ. ಒಟ್ಟು ಹದಿನೇಳು. ಸಾಹೇಬರು ಬೆರಳಲ್ಲಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಎರಡು ಸಲವೂ ಲೆಕ್ಕ ಅಲ್ಲಿಗೇ ಬಂದು ನಿಂತಿತು: ಹೆಂಡತಿ ಆಸ್ಪತ್ರೆಯಲ್ಲಿದ್ದ ಮೂರು ದಿನ, ಇದ್ದಿಲನ್ನು ಯಜಮಾನಿಯ ಕೆನಲ್‌ನಲ್ಲಿ ಬಿಟ್ಟಿದ್ದ ಮೂರು ದಿನ.

ಕರೆದುಕೊಂಡು ಬರಲು ಹೋದದ್ದು ಮಧ್ಯಾಹ್ನ. ಎಲ್ಲರೂ ಊಟಕ್ಕೆ ಹೋಗಿದ್ದ ಹೊತ್ತು. ಬೆಲ್ ಒತ್ತಿ ಕಾಯುವವರು ಬೇರೆ ಜನ. ಸಾಹೇಬರಿಗೆ ಯಾರ ಅಪ್ಪಣೆ? ಹಿಂದಿನ ಗೇಟು ತೆಗೆದು ಒಳಗೆ ಹೋದರು, ತಾವೇ ಗೂಡಿನ ಚಿಲಕ ಸರಿಸಿ ಇದ್ದಿಲನ್ನು ಬಿಟ್ಟರು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಡಿಸ್ಚಾರ್ಜ್ ವಿಷಯ. ಮಾತಾಡುತ್ತ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಅರ್ಧ ಗಂಟೆಯಾಗಿರಬೇಕು. ಆಮೇಲೆ ನೋಡಿದರೆ ಮರಿಯಕ್ಕ ಇದ್ದಿಲಿನ ಕೊರಳಪಟ್ಟಿ ಹಿಡಿದುಕೊಂಡು ಬರುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. "ಎಲ್ಲಿಗೆ ಹೋಗಿದ್ದೆಯೋ ಕಳ್ಳ!" ಎಂದು ಸಾಹೇಬರು ನಾಯಿಯ ಬೆನ್ನು ತಟ್ಟಿ ಕಾರಿಗೆ ಹತ್ತಿಸಿದರು. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಮೊನ್ನೆ ನಡೆದದ್ದು ನೆನಪಾಯಿತು.

ಮೊನ್ನೆ ಅದೇ ಅಂಗಳದಲ್ಲಿ, ಮರಿ ಬುಕ್ ಮಾಡಿದ್ದ ಗಿರಾಕಿಗಳೆಲ್ಲ ನೋಡುತ್ತಿರುವಾಗ, ಅವರು ಮರಿಯಕ್ಕನ ಚೀಲವನ್ನು ನೆಲಕ್ಕೆ ಸುರಿದಿದ್ದರು. ಬಿದ್ದದ್ದು ಒಂದು ಬಾಚಣಿಗೆ, ಮಾತ್ರೆಯ ಪಟ್ಟಿ, ಮರಿಗಳಿಗೆ ಹಾಲು ಕುಡಿಸುವ ಸಣ್ಣ ಸೀಸೆ, ಒಂದು ಹಳೆಯ ಟವೆಲು. ಆ ಸೀಸೆಯನ್ನೇ ಎತ್ತಿ ಹಿಡಿದು "ನೋಡಿ ಸಾಕ್ಷಿ" ಎಂದಿದ್ದರು. ಅವಳು ಬಗ್ಗಿ ಬಾಚಣಿಗೆ ಎತ್ತಿಕೊಳ್ಳುತ್ತ ಹೇಳಿದ್ದಳು: "ಸಾರ್, ನಾಲ್ಕು ತಿಂಗಳ ಹಿಂದೆ ಒಂದಿನ ಮಧ್ಯಾಹ್ನ ನೀವು ಬಂದಿದ್ರಲ್ಲ, ಆವತ್ತು…"

"ನನ್ನ ವಿಷಯ ಎತ್ತಬೇಡ! ನಿನ್ನ ವಿಷಯ ಹೇಳು!" ಎಂದು ಗದರಿದ್ದರು ಸಾಹೇಬರು.

ಅವಳು ಬಾಯಿ ಮುಚ್ಚಿಕೊಂಡಿದ್ದಳು. ಆ ಮೌನವನ್ನೂ ಅವರು ವರದಿಯಲ್ಲಿ ಬರೆದಿದ್ದರು: 'ಪ್ರಶ್ನಿಸಿದಾಗ ಉತ್ತರಿಸಲು ನಿರಾಕರಿಸಿದಳು.'

ನೆನೆಸಿಕೊಂಡು ಸಾಹೇಬರಿಗೆ ಮೈಯೆಲ್ಲ ಹಿಡಿಯಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಂಡತಿ ತಂದುಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟರು.

"ಏನಾಯ್ತು ಅಂತಾದ್ರೂ ಹೇಳ್ರೀ."

"ಏನೂ ಇಲ್ಲ. ನಾಯಿ ಹಗ್ಗ ಕೊಡು," ಎಂದರು. ಹೆಂಡತಿಗೂ ಹೇಳಲು ನಾಚಿಕೆಯಾಯಿತು.

---

ಕೆನಲ್‌ನ ಕೊನೆಯಲ್ಲಿದ್ದ ಬಾಣಂತಿ ಕೋಣೆಯಲ್ಲಿ ಮರಿಯಕ್ಕ ನೆಲ ಒರೆಸುತ್ತಿದ್ದಳು. ಇನ್ನರ್ಧ ಗಂಟೆಗೆ ಪೊಲೀಸರು ಬರುತ್ತಾರೆ ಎಂದು ಗೊತ್ತಿದ್ದೂ, ಹಾಸಿದ ಹಳೆಯ ಪತ್ರಿಕೆಗಳನ್ನು ತೆಗೆದು ಹೊಸದು ಹಾಸಿದ್ದಳು. ಬಾದಾಮಿ ಮೂಲೆಯಲ್ಲಿ ಮಲಗಿ ಎರಡು ಕಂದು ಮರಿಗಳಿಗೆ ಮೈ ಕೊಟ್ಟಿತ್ತು. ಕಪ್ಪು ಮರಿಗಳ ಬುಟ್ಟಿ ಬೇರೆ ಇತ್ತು.

ಸಾಹೇಬರು ಕ್ಲಿನಿಕ್ಕಿಗೆ ಒಯ್ದಿದ್ದ ಎರಡು ಮರಿಗಳನ್ನು ಅವುಗಳ ಜಾಗಕ್ಕೆ ಬಿಟ್ಟರು. ಇದ್ದಿಲನ್ನು ಕಾರಿನಲ್ಲೇ ಬಿಟ್ಟು ಬಂದಿದ್ದರು.

"ಮರಿಯಕ್ಕ, ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

ಅವಳು ತಲೆ ಎತ್ತಿ ನೋಡಿದಳು. ಮೊನ್ನೆಯವರೆಗೆ 'ಏ', 'ನೀನು', 'ಬಾ ಇಲ್ಲಿ'. ಇವತ್ತು 'ನೀವು'. ಅವಳ ತುಟಿಯ ಕೊನೆಯಲ್ಲಿ ಏನೋ ಅಲುಗಿತು.

"ಗೊತ್ತಾಯ್ತಾ ಸಾರ್?"

"ಗೊತ್ತಾಯ್ತು."

"ಉಗುರಿಂದಾನಾ?"

"ಹೂಂ." ಸಾಹೇಬರು ಗೋಡೆ ನೋಡುತ್ತ ನಿಂತರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. "ಆವತ್ತು ಏನಾಯ್ತು, ಹೇಳಿ."

"ಹೇಳೋದೇನಿದೆ? ಬಾದಾಮಿ ಬೆದೆಗೆ ಬಂದಿತ್ತು. ಈ ಕೋಣೆಲೇ ಕೂಡಿ ಹಾಕಿದ್ವಿ. ನಾನು ಊಟ ಮುಗಿಸಿ ಬಂದು ನೋಡ್ತೀನಿ, ಬಾಗಿಲು ತೆಗೆದಿದೆ. ಈ ಚಿಲಕ ಸಡಿಲ ಇದೆ, ಹೊರಗಿಂದ ನಾಯಿ ಹಾರಿ ಬಿದ್ರೆ ಬಿಚ್ಕೊಳ್ಳುತ್ತೆ, ಸರಿ ಮಾಡಿಸಿ ಅಂತ ಯಜಮಾನಿಗೆ ಹೇಳಿ ಹೇಳಿ ಸಾಕಾಗಿತ್ತು. ಒಳಗೆ ನಿಮ್ಮ ಇದ್ದಿಲು, ಬಾದಾಮಿ, ಎರಡೂ ಅಂಟ್ಕೊಂಡು ನಿಂತಿದಾವೆ. ಆಗ ಎಳೆದ್ರೆ ಹೆಣ್ಣಿಗೆ ಗಾಯ ಆಗುತ್ತೆ. ಅದಕ್ಕೆ ಬಾದಾಮಿ ತಲೆ ಹಿಡ್ಕೊಂಡು ಕೂತೆ. ಬಿಟ್ಕೊಂಡ ಮೇಲೆ ಇದ್ದಿಲನ್ನ ನಿಮ್ಮ ಹತ್ರ ಕರ್ಕೊಂಡು ಬಂದೆ. ನೀವು ಫೋನಲ್ಲಿದ್ರಿ."

"ಯಜಮಾನಿಗೆ ಗೊತ್ತಾ?"

"ಆವತ್ತು ಸಂಜೆನೇ ಹೇಳಿದೆ. ಸುಮ್ನಿರು ಅಂದ್ರು. ಮಾರನೇ ದಿನ ಚಾಂಪಿಯನ್ನ ತಂದು ಬಿಟ್ರು. ಪಾಪ, ಅದಕ್ಕೆ ಹನ್ನೊಂದು ವರ್ಷ, ಬಾದಾಮಿ ಕಡೆ ಬೆನ್ನು ಹಾಕಿ ಮಲಗ್ತು. ಆದ್ರೂ ಪೇಪರ್‌ನಲ್ಲಿ ಅದರ ಹೆಸರೇ ಬರೆದ್ರು. ಮರಿ ಹುಟ್ಟೋಕೆ ಮುಂಚೆನೇ ಎಲ್ಲ ಬುಕ್ ಆಗಿತ್ತಲ್ಲ."

ಸಾಹೇಬರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಕಪ್ಪು ಮರಿ ಉಗ್ರಾಣಕ್ಕೆ ಹೇಗೆ ಬಂದ್ವು?"

"ಹುಟ್ಟಿದ ದಿನಾನೇ, ಆ ನಾಲ್ಕನ್ನ ತೆಗೆದುಬಿಡು ಅಂದ್ರು ಯಜಮಾನಿ. ಇದು ಮೊದಲನೇ ಸಲ ಅಲ್ಲ ಸಾರ್. ಇಲ್ಲಿ ಬಣ್ಣ ತಪ್ಪಿದ ಮರಿ ಉಳಿಯಲ್ಲ. ಮುಂಚೆ ಎರಡು ಸಲ, ತೆಗಿ ಅಂದಾಗ ನಾನು ತೆಗೆದುಕೊಟ್ಟಿದೀನಿ." ಅವಳ ದನಿ ಇಳಿಯಿತು. "ಬಕೆಟ್ಟಲ್ಲಿ ನೀರು ಹಿಡಿದು ಕೊಟ್ಟವಳೂ ನಾನೇ. ಹೊಟ್ಟೆಪಾಡು. ಆಮೇಲೆ ಎಷ್ಟು ದಿನ ಊಟ ಸೇರಲಿಲ್ಲ ಅಂತ ನನಗೇ ಗೊತ್ತು. ಈ ಸಲ ಆಗಲಿಲ್ಲ. ತೆಗೆದೆ ಅಂತ ಸುಳ್ಳು ಹೇಳಿ ಉಗ್ರಾಣದಲ್ಲಿ ಬಚ್ಚಿಟ್ಟೆ. ಯಜಮಾನಿ ಇಲ್ದಾಗ ಬಾದಾಮಿನ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆ, ಉಳಿದಿದ್ದು ಸೀಸೆ ಹಾಲು."

ಆ ಸೀಸೆ. ಸಾಹೇಬರು 'ಸಾಕ್ಷಿ' ಎಂದು ಎತ್ತಿ ಹಿಡಿದದ್ದು.

"ಹೋದ ವಾರ ಒಬ್ಬ ಗಿರಾಕಿ ಮರಿ ನೋಡೋಕೆ ಬಂದವರು ಕೂಗು ಕೇಳಿ ಉಗ್ರಾಣದ ಬಾಗಿಲು ತೆಗೆದ್ರು. ಎರಡು ಕಂದು ನಾಯಿಗೆ ಕಪ್ಪು ಮರಿ ಹೇಗ್ರೀ, ನಿಮ್ಮ ಚಾಂಪಿಯನ್ ಪೇಪರ್ ಸುಳ್ಳಾ ಅಂತ ಗಲಾಟೆ ಎಬ್ಬಿಸಿದ್ರು. ಆಗ ಯಜಮಾನಿ ನನ್ನ ಕಡೆ ಕೈ ತೋರಿಸಿದ್ರು. ಆಮೇಲೆ ನಿಮ್ಮನ್ನ ಕರೆಸಿದ್ರು."

ತಮ್ಮನ್ನೇ ಯಾಕೆ ಕರೆಸಿದರು? ಊರಲ್ಲಿ ಬೇರೆ ಪತ್ತೇದಾರರು ಇರಲಿಲ್ಲವೇ? ಇದ್ದರು. ತನ್ನ ನಾಯಿಯ ತಪ್ಪು ಎಂದಾದರೂ ಹೊರಬಿದ್ದರೆ ತಾನೇ ಮುಚ್ಚಿಹಾಕುವ ಮನುಷ್ಯ ಬೇಕಾಗಿತ್ತು ಆಕೆಗೆ. ಗತ್ತಿನ ಮನುಷ್ಯ. ಸಾಹೇಬರಿಗೆ ತಮ್ಮ ಬೆಲೆ ಎಷ್ಟೆಂದು ಇವತ್ತು ತಿಳಿಯಿತು.

"ಮರಿಯಕ್ಕ," ಎಂದರು. ಎಷ್ಟೋ ಜನರ ಬಾಯಿಂದ ತಪ್ಪೊಪ್ಪಿಗೆ ತೆಗೆಸಿದ ಮನುಷ್ಯನಿಗೆ ತನ್ನದೊಂದು ಹೇಳಲು ಬರಲಿಲ್ಲ. "ನನ್ನಿಂದ ತಪ್ಪಾಯ್ತು. ದೊಡ್ಡ ತಪ್ಪು. ನಾಯಿ ಬಿಟ್ಟು ನೋಡದೇ ಇದ್ದಿದ್ದೂ ತಪ್ಪು, ನಿಮ್ಮ ಚೀಲ…"

"ಬಿಡಿ ಸಾರ್."

"ಬಿಡೋ ಮಾತಲ್ಲ. ನಾಲ್ಕು ಗಂಟೆಗೆ ಎಲ್ಲರ ಎದುರಿಗೂ ಹೇಳ್ತೀನಿ. ಇದ್ದಿಲನ್ನ ಕರ್ಕೊಂಡೇ ಬಂದಿದೀನಿ. ನೀವು ಜೈಲಿಗೆ ಹೋಗಬೇಕಾಗಿಲ್ಲ."

ಅವಳು ಒದ್ದೆ ಬಟ್ಟೆ ಹಿಂಡಿದಳು. ತನ್ನ ಬಗ್ಗೆ ಏನೂ ಕೇಳಲಿಲ್ಲ. "ಆಮೇಲೆ ಈ ನಾಲ್ಕು ಮರಿ ಏನಾಗ್ತವೆ ಸಾರ್?" ಎಂದು ಕೇಳಿದಳು.

ಸಾಹೇಬರು ಅದನ್ನು ಯೋಚಿಸಿರಲಿಲ್ಲ. "ಏನೋ ಒಂದು ವ್ಯವಸ್ಥೆ ಮಾಡೋಣ," ಎಂದುಬಿಟ್ಟರು.

---

ನೇರವಾಗಿ ಯಜಮಾನಿಯ ಹಾಲ್‌ಗೆ ಹೋಗಿದ್ದರೆ ಕತೆ ಬೇರೆಯಾಗುತ್ತಿತ್ತು. ಸಾಹೇಬರು ಹೋಗಲಿಲ್ಲ.

ಕಾರಿಗೆ ಬಂದು ಇದ್ದಿಲಿನ ಪಕ್ಕ ಕೂತರು. ಹೇಳಬೇಕಾದ ಮಾತನ್ನು ಬಾಯಲ್ಲಿ ಜೋಡಿಸಿಕೊಂಡರು. 'ನನ್ನ ಗಮನಕ್ಕೆ ಬಂದಿರುವಂತೆ' ಎಂದು ಶುರು ಮಾಡಿದರು; ಥೂ, ಇದು ವರದಿಯ ಭಾಷೆ ಎಂದು ಬಿಟ್ಟರು. ಅಷ್ಟರಲ್ಲಿ ಪೊಲೀಸ್ ಜೀಪು ಬಂತು. ಇಳಿದದ್ದು ಸಬ್ ಇನ್ಸ್‌ಪೆಕ್ಟರ್. ಒಂದು ಕಾಲದಲ್ಲಿ ಇವರ ಕೈಕೆಳಗೆ ಪಳಗಿದವನು, "ವರದಿ ಬರೆಯೋದಂದ್ರೆ ನಮ್ಮ ಸಾಹೇಬ್ರನ್ನ ನೋಡಿ ಕಲೀಬೇಕು" ಎಂದು ಈಗಲೂ ಹೇಳಿಕೊಂಡು ತಿರುಗುವವನು. ಅವನೆದುರು ಹೇಳಬೇಕು. ಸಾಹೇಬರ ಕಾಲು ನೆಲಕ್ಕಿಳಿಯಲಿಲ್ಲ. ಇನ್ನೈದು ನಿಮಿಷ ಎಂದುಕೊಂಡರು. ಮತ್ತೈದು ನಿಮಿಷ ಎಂದುಕೊಂಡರು. ಇದ್ದಿಲು ಅವರ ಮೊಣಕಾಲ ಮೇಲೆ ಗಲ್ಲ ಇಟ್ಟು ಆಕಳಿಸಿದ.

ಹೀಗೆ ಇಪ್ಪತ್ತು ನಿಮಿಷ ಹೋಯಿತು.

ಹಾಲ್‌ನಲ್ಲಿ ಗೋಡೆ ತುಂಬ ಪದಕಗಳು, ಟ್ರೋಫಿಗಳು, ಚಾಂಪಿಯನ್ನಿನ ದೊಡ್ಡ ಫೋಟೋ. ನಾಲ್ವರು ಗಿರಾಕಿಗಳು ಸೋಫಾದಲ್ಲಿ ಕೂತಿದ್ದರು. ಸಬ್ ಇನ್ಸ್‌ಪೆಕ್ಟರ್ ಮೇಜಿನ ಬಳಿ ಏನೋ ಬರೆಯುತ್ತಿದ್ದವನು ಎದ್ದು ನಿಂತ. ಮರಿಯಕ್ಕ ಬಾಗಿಲ ಪಕ್ಕದಲ್ಲಿದ್ದಳು. ಅವಳ ತೋಳಿನಲ್ಲಿ ನಾಲ್ಕು ಕಪ್ಪು ಮರಿಗಳ ಬುಟ್ಟಿ ಇತ್ತು.

"ಬನ್ನಿ ಸಾಹೇಬ್ರೆ, ನಿಮ್ಮನ್ನೇ ಕಾಯ್ತಿದ್ವಿ," ಎಂದರು ಯಜಮಾನಿ.

ಸಾಹೇಬರು ಕೂರಲಿಲ್ಲ. ಜೋಡಿಸಿಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. ಒಳ್ಳೆಯದೇ ಆಯಿತು.

"ನನ್ನ ವರದಿ ತಪ್ಪು. ಮರಿಯಕ್ಕ ಏನೂ ಕದ್ದಿಲ್ಲ. ಆ ಏಳೂ ಬಾದಾಮಿ ಹೊಟ್ಟೇಲಿ ಹುಟ್ಟಿದ್ದೇ. ಅವುಗಳ ಅಪ್ಪ ಈ ಗೋಡೆ ಮೇಲಿರೋ ಚಾಂಪಿಯನ್ ಅಲ್ಲ, ಇವನು. ನನ್ನ ನಾಯಿ." ಹಗ್ಗ ಎಳೆದು ಇದ್ದಿಲನ್ನು ಮುಂದಕ್ಕೆ ತಂದರು. "ಬಿಟ್ಟು ಮೈಮರೆತವನು ನಾನು. ಅದನ್ನ ಹೇಳೋಕೆ ಬಂದ ಹೆಂಗಸಿನ ಬಾಯಿ ಮುಚ್ಚಿಸಿದವನೂ ನಾನೇ. ಹಿಂಗಾಲಿನ ಉಗುರು ನೋಡಿ, ಮರಿಗಳದ್ದೂ ನೋಡಿ. ನನಗೆ ನಾಚಿಕೆ ಆಗ್ತಿದೆ. ಅಷ್ಟೆ."

ಇದ್ದಿಲು ಬುಟ್ಟಿಯ ಕಡೆ ಮೂಗು ಚಾಚಿದ. ಸಬ್ ಇನ್ಸ್‌ಪೆಕ್ಟರ್ ನೆಲ ನೋಡತೊಡಗಿದ. ಗುರುವಿನ ಮುಖ ನೋಡಲು ಅವನಿಗೂ ಆಗಲಿಲ್ಲ.

ಯಜಮಾನಿ ಮಾತ್ರ ಸ್ವಲ್ಪವೂ ಅಲುಗಲಿಲ್ಲ. "ಎಂಥ ದೊಡ್ಡ ಮನಸ್ಸು ನಿಮ್ದು," ಎಂದರು. "ಬಡವಳು ಜೈಲಿಗೆ ಹೋಗ್ತಾಳಲ್ಲ ಅಂತ ಕರುಣೆಯಿಂದ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ತಿದೀರಿ. ಆದ್ರೆ ಅವಳೇ ಒಪ್ಕೊಂಡಾಗಿದೆಯಲ್ಲ? ಈಗ ಹತ್ತು ನಿಮಿಷ ಆಯ್ತು. ಇವರ ಎದುರಿಗೇ ಸಹಿ ಹಾಕಿದಾಳೆ."

ಸಾಹೇಬರು ಗಕ್ಕನೆ ತಿರುಗಿದರು. "ಮರಿಯಕ್ಕ! ಏನಿದು? ಇವರಿಗೆ ನಿಜ ಹೇಳಿ."

"ನಿಜಾನೇ ಸಾರ್." ಅವಳ ದನಿ ಎತ್ತರವಾಗಿತ್ತು, ಎಲ್ಲರಿಗೂ ಕೇಳಲಿ ಎಂಬಷ್ಟು. "ಕದ್ದಿದ್ದು ನಾನೇ. ಈ ನಾಲ್ಕು ಬೀದಿ ಮರಿಗಳು. ನಾನೇ ತಂದಿಟ್ಟಿದ್ದೆ. ಸಾಹೇಬ್ರು ನನ್ನ ಉಳಿಸೋಕೆ ಸುಳ್ಳು ಹೇಳ್ತಿದಾರೆ."

ಒಬ್ಬ ಗಿರಾಕಿ ತಲೆಯಾಡಿಸಿದ. ಸಬ್ ಇನ್ಸ್‌ಪೆಕ್ಟರ್ ಮುಖದ ಮೇಲೆ ಸಮಾಧಾನ ಕಂಡಿತು. ತಾನು ಮೆಚ್ಚಿದ ಸಾಹೇಬರು ತಪ್ಪಿಲ್ಲ ಎಂಬ ಸಮಾಧಾನ. ಅದನ್ನು ನೋಡಲಾರದೆ ಸಾಹೇಬರು ಮುಖ ತಿರುಗಿಸಿಕೊಂಡರು.

ಮರಿಯಕ್ಕ ಹತ್ತಿರ ಬಂದಳು. ಬುಟ್ಟಿಯನ್ನು ಅವರ ತೋಳಿಗೆ ದಾಟಿಸಿದಳು. ದಾಟಿಸುವಾಗ ತಲೆ ಬಗ್ಗಿಸಿ, ಅವರಿಗೆ ಮಾತ್ರ ಕೇಳುವಂತೆ ಹೇಳಿದಳು:

"ಬೀದಿ ಮರಿ ಅಂದ್ರೆ ನಾನು ತಂದಿದ್ದು, ನನ್ನ ಜೊತೆ ಹೊರಗೆ ಹೋಗ್ತವೆ. ಬಾದಾಮಿ ಮರಿ ಅಂದ್ರೆ ಯಜಮಾನಿದು, ಇಲ್ಲೇ ಉಳಿಬೇಕು. ಉಳಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳಿದೀನಿ. ನಾನು ಬರೋವರೆಗೂ ನೋಡ್ಕೊಳ್ಳಿ ಸಾರ್. ಎಷ್ಟಾದ್ರೂ ಅಪ್ಪನ ಮನೆ."

ಆಮೇಲೆ ಅವಳು ತಾನಾಗಿಯೇ ಹೊರಗೆ ನಡೆದು ಜೀಪು ಹತ್ತಿದಳು. ಯಾರೂ ಕೈ ಹಿಡಿಯಬೇಕಾಗಲಿಲ್ಲ.

ಸಾಹೇಬರು ಬುಟ್ಟಿ ಹಿಡಿದುಕೊಂಡು ನಿಂತರು. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರೆ ಈ ಕಾಗದಕ್ಕೆ ಸಹಿ ಬೀಳುತ್ತಿರಲಿಲ್ಲ.

"ಸಾರ್," ಸಬ್ ಇನ್ಸ್‌ಪೆಕ್ಟರ್ ಸಂಕೋಚದಿಂದ ಪೆನ್ನು ಎತ್ತಿಕೊಂಡ. "ನೀವು ಈಗ ಹೇಳಿದ್ದನ್ನ ಹೇಳಿಕೆ ಅಂತ ಬರ್ಕೊಳ್ಳಲಾ, ಬಿಟ್ಬಿಡ್ಲಾ?"

ಯಜಮಾನಿ ಎದ್ದು ಬಂದು ಎರಡೂ ಕೈ ಚಾಚಿದರು.

"ಬರ್ಕೊಳ್ಳಿ, ಅದಕ್ಕೇನು? ಸಾಹೇಬ್ರು ಹೇಳಿದ್ದೇ ನಿಜ ಅಂತಾದ್ರೆ ಈ ಮರಿಗಳು ನನ್ನವು. ಕೊಡಿ ಇಲ್ಲಿ."